ಸಲ್ಫ್ಯೂರಿಕ್ ಆಸಿಡ್ ಸಿಡಿದರೆ ಅಡುಗೆ ಸೋಡಾ ನೀರು ಹಚ್ಚಬಹುದಾ?

ಲ್ಯಾಬ್‌ಕೋಟ್:
ಶೇ. 98ರ ಸಲ್ಫ್ಯೂರಿಕ್ ಆಸಿಡ್‌ನಿಂದ 1 ಮೋಲಾರ್ (ಲೀಟರಿಗೆ 1 ಮೋಲ್ ಆಸಿಡ್) ದ್ರಾವಣ ಒಂದು ಲೀಟರ್ ಮಾಡಬೇಕು. ತೆಳು ನೈಟ್ರೈಲ್ ಗ್ಲೌಸ್ ಇದೆ. ಮೈಗೆ ಸಿಡಿದರೆ ಹಚ್ಚೋಕೆ ಅಡುಗೆ ಸೋಡಾ ಕಲಸಿಟ್ಟುಕೊಂಡರೆ ಸಾಕಾ?

ಪಿಪೆಟ್:
ಸೋಡಾ ಇರೋದು ನೆಲದ ಮೇಲೆ ಚೆಲ್ಲಿದ ಆಸಿಡ್‌ಗೆ, ಚರ್ಮಕ್ಕಲ್ಲ. ನೀವು ಅದನ್ನು ಹುಡುಕುವಷ್ಟರಲ್ಲಿ ಆಸಿಡ್ ಒಳಗಿಳಿದಿರುತ್ತೆ. ತಕ್ಷಣ ನಲ್ಲಿ ಕೆಳಗೆ ಹೋಗಿ, ಕನಿಷ್ಠ 20 ನಿಮಿಷ ತೊಳೀರಿ. ಬಟ್ಟೆ, ವಾಚು, ಉಂಗುರ ಎಲ್ಲಾ ನೀರಿನಡಿ ನಿಂತೇ ತೆಗೀರಿ. ಟೀಶರ್ಟ್ ಮುಖದ ಮೇಲಿಂದ ಎಳೀಬೇಡಿ, ಕತ್ತರಿಸಿ. ನೀರು ತಾಗಿದರೆ ಬಿಸಿಯೇಳುತ್ತೆ ಅನ್ನೋ ಅಳುಕು ಒದ್ದೆ ಬಟ್ಟೆಯಲ್ಲಿ ಒರೆಸೋರಿಗೆ ಸರಿ. ಧಾರಾಳವಾಗಿ ಹರಿಯೋ ನೀರು ಆ ಬಿಸಿಯನ್ನೂ ಹೊತ್ತೊಯ್ಯುತ್ತೆ.

ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಹೊರಕ್ಕೆ ನೀರು ಹರಿಸಿ. ಇನ್ನೊಂದು ಕಣ್ಣಿಗೆ ಹೋಗಬಾರದು. ತೊಳೀತಾ ಇರುವಾಗಲೇ ಯಾರಾದರೂ ಆಂಬುಲೆನ್ಸ್ ಕರೀಲಿ. ನುಂಗಿದ್ದರೆ ವಾಂತಿ ಮಾಡಿಸಲೇಬೇಡಿ, ಅನ್ನನಾಳ ಎರಡನೇ ಸಲ ಸುಡುತ್ತೆ.

ಬ್ಯೂರೆಟ್:
ನಿಮ್ಮ ಆಸಿಡ್ ಸುಮಾರು 18.4 ಮೋಲಾರ್, ಹಾಗಾಗಿ 54 ಮಿ.ಲೀ. ಬೇಕು. ಬೋರೋಸಿಲಿಕೇಟ್ ಬೀಕರಿಗೆ 700 ಮಿ.ಲೀ. ತಣ್ಣೀರು ಹಾಕಿ, ಐಸ್ ನೀರಿನಲ್ಲಿಟ್ಟು, ಕಲಕ್ತಾ ಕಲಕ್ತಾ ಆಸಿಡ್ ಸಣ್ಣಗೆ ಬಿಡಿ. ಉಲ್ಟಾ ಮಾಡಿದರೆ ನೀರು ಮೇಲೆ ತೇಲುತ್ತೆ (ಆಸಿಡ್ ಸಾಂದ್ರತೆ 1.84), ಇವೆರಡೂ ಸೇರೋ ಕಡೆಯೇ ಕುದಿದು ಆಸಿಡ್ ಮುಖಕ್ಕೆ ಚಿಮ್ಮುತ್ತೆ. ಪೂರ್ತಿ ತಣ್ಣಗಾದ ಮೇಲೇ ಫ್ಲಾಸ್ಕಿಗೆ ಹಾಕಿ, ನೀರು ಸೇರಿಸಿ ಒಂದು ಲೀಟರ್ ಗೆರೆಗೆ ತನ್ನಿ. ಬಿಸಿ ಇರುವಾಗ ತಂದರೆ ಲೆಕ್ಕ ತಪ್ಪುತ್ತೆ.

ತೆಳು ನೈಟ್ರೈಲ್ ಈ ಆಸಿಡ್ ಎದುರು ಹೆಚ್ಚು ಹೊತ್ತು ತಡೆಯಲ್ಲ. ದಪ್ಪ ಬ್ಯೂಟೈಲ್ ಅಥವಾ ನಿಯೋಪ್ರೀನ್ ತಗೊಳ್ಳಿ. ಬದಿ ತೆರೆದ ಕನ್ನಡಕ ಬೇಡ. ಗಾಗಲ್ಸ್, ಅದರ ಮೇಲೆ ಫೇಸ್ ಶೀಲ್ಡ್. ಚೆಲ್ಲಿದರೆ ಮರದ ಹೊಟ್ಟು ಹಾಕೋದು ಬೇಡ, ಕರಕಲಾಗಿ ಬಿಸಿಯೇಳುತ್ತೆ. ಸೋಡಾನ ಅಂಚಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಉದುರಿಸಿ, ನೊರೆ ನಿಂತ ಮೇಲೆ ಬಳೀರಿ.

ಲ್ಯಾಬ್‌ಕೋಟ್:
ಅದೇ ಕಪಾಟಿನಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಕೂಡ ಇದೆ. ಅದಕ್ಕೂ ಇಷ್ಟೇನಾ?

ಫ್ಯೂಮ್‌ಹುಡ್:
ಅಲ್ಲ. ದುರ್ಬಲ ದ್ರಾವಣವಾದರೆ ಉರಿ ಗಂಟೆಗಟ್ಟಲೆ ತಡವಾಗಿ ಶುರುವಾಗಬಹುದು, ಅಷ್ಟರಲ್ಲಿ ಫ್ಲೋರೈಡ್ ಆಳಕ್ಕಿಳಿದು ರಕ್ತದ ಕ್ಯಾಲ್ಸಿಯಂ ಹಿಡಿದುಬಿಡುತ್ತೆ. ಹೃದಯದ ಲಯ ತಪ್ಪೋದು ಅದರಿಂದಲೇ. 5 ನಿಮಿಷ ತೊಳೆದು, ಶೇ. 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಗ್ಲೌಸ್ ಹಾಕಿದ ಕೈಯಿಂದ ಉಜ್ಜುತ್ತಲೇ ಆಸ್ಪತ್ರೆಗೆ ಹೋಗಿ, ಯಾವ ಆಸಿಡ್ ಅಂತ ಮೊದಲೇ ಹೇಳಿ. ಜೆಲ್ ಇಲ್ಲದಿದ್ದರೆ ತೊಳೆಯೋದು ನಿಲ್ಲಿಸಬೇಡಿ. ಜೆಲ್ ಕೈಗೆ ಸಿಗೋ ಜಾಗದಲ್ಲಿ, ಎಕ್ಸ್‌ಪೈರಿ ದಾಟದೆ ಇಲ್ಲದಿದ್ದರೆ ಆ ಬಾಟಲಿ ತೆರೆಯಲೇಬೇಡಿ.