ಗಾಳಿ ತೆಗೆಯಲಾಗುವುದು

"ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು ಅಂತ ಗೇಟಿಗೆ ಬೋರ್ಡ್ ಹಾಕಿಸುತ್ತೇನೆ" ಅಂದರು ಮಾಸ್ತರು. ಬೆಳಗಾವಿಯ ಟಿಳಕವಾಡಿಯ ಚಹಾದಂಗಡಿಯಲ್ಲಿ ಸಂಜೆ ಕೂಡುವ ನಮ್ಮೊಳಗೆ, ಬೋರ್ಡ್ ಓದಿ ಜನ ಸುಧಾರಿಸುತ್ತಾರೆ ಅಂತ ಇನ್ನೂ ನಂಬುವವರು ಅವರೊಬ್ಬರೇ.

"ತೆಗೀರಿ ಮಾಸ್ತರ, ಬೇಡ ಅಂದವರು ಯಾರು?" ಅಂದರು ಟೆಂಪೋ ಓಡಿಸುವ ಕಾಕಾ. "ಆದರೆ ಗಾಳಿ ಹೋದ ಗಾಡಿ ಎಲ್ಲಿಗೆ ಹೋಗುತ್ತದೆ? ಅರ್ಧ ತಾಸಿಗೆ ಹೋಗೋದು, ಪಂಕ್ಚರ್ ಅಂಗಡಿಯವನು ಬರುವ ತನಕ ನಿಮ್ಮ ಗೇಟಿಗೇ ವಸ್ತಿ."

ಮಾಸ್ತರು ಇದನ್ನು ಯೋಚನೆ ಮಾಡಿರಲಿಲ್ಲ. "ನಾಲ್ಕೂ ಗಾಲಿದು ತೆಗೆದರೆ?"

"ಆಗ ಅದಕ್ಕೆ ರೇಷನ್ ಕಾರ್ಡನ್ನೂ ಮಾಡಿಸಿಬಿಡಿ."

ವಕೀಲರು ಚಹಾದ ಕಪ್ಪು ಕೆಳಗಿಟ್ಟರು. ಫೀ ಇಲ್ಲದೆ ಮಾತಾಡುವಾಗ ಅವರಿಗೆ ಹುರುಪು ಜಾಸ್ತಿ. "ಇನ್ನೊಬ್ಬರ ಗಾಡಿ ಕೆಡಿಸಿದರೆ ಕೇಸು ನಿಮ್ಮ ಮೇಲೇ ತಿರುಗುತ್ತದೆ ನೋಡ್ರಿ. ಗೇಟಿಗೆ ಅಡ್ಡ ನಿಲ್ಲಿಸುವುದು ತಪ್ಪು ಅಂತ 2017ರ ವಾಹನ ಚಾಲನಾ ನಿಯಮದಲ್ಲೇ ಇದೆ. ಫುಟ್‌ಪಾತ್ ಮೇಲೆ ಹತ್ತಿಸುವುದೂ ತಪ್ಪು, ನಿಂತ ಗಾಡಿಯ ಮಗ್ಗಲಿಗೆ ಇನ್ನೊಂದು ತಂದು ನಿಲ್ಲಿಸುವುದೂ ತಪ್ಪು. ಫೋಟೋ ತೆಗೆದುಕೊಳ್ಳಿ, ಟ್ರಾಫಿಕ್ ಪೊಲೀಸರಿಗೆ ಹೇಳಿ. ಎತ್ತಿಸುವ ಅಧಿಕಾರ ಅವರದು."

"ಗೇಟು ಬಿಟ್ಟು ನನ್ನ ಕಂಪೌಂಡಿನ ಮುಂದೆ ನಿಲ್ಲಿಸಿದರೆ?"

"ಅದು ರಸ್ತೆ."

"ನನ್ನ ಮನೆ ಮುಂದಿನ ರಸ್ತೆ!"

"ಮನೆ ನಿಮ್ಮದು. ಮುಂದಿನದು ಊರಿನದು."

ಈ ಮಾತು ಮಾಸ್ತರಿಗೆ ನಾಟಿತು. ಅವರ ಮನೆ ಮುಂದೆ ಎರಡು ಹೂಕುಂಡ, ಒಂದು ಬಂಡೆಕಲ್ಲು, ಒಂದು ಕೈ ಇಲ್ಲದ ಪ್ಲಾಸ್ಟಿಕ್ ಕುರ್ಚಿ ಹಗಲು ರಾತ್ರಿ ಡ್ಯೂಟಿಯಲ್ಲಿವೆ. ಅವರದೊಂದೇ ಏನು, ಗಲ್ಲಿಗಲ್ಲಿಯಲ್ಲೂ ಇದೇ ಪಹರೆ. ಮನೆಯೊಳಗೆ ಯಾರೂ ಕೂಡದ ಕುರ್ಚಿ ರಸ್ತೆಗೆ ಬಂದ ಕೂಡಲೇ ಮನೆ ಯಜಮಾನನಷ್ಟೇ ಗತ್ತಿನಲ್ಲಿ ಕೂಡುತ್ತದೆ. ಅದನ್ನು ಒಂದು ಗೇಣು ಸರಿಸಿ ನೋಡಿ, ಕಿಟಕಿಯಲ್ಲಿ ಮೂರು ಮುಖ ಕಾಣುತ್ತವೆ.

"ಜಗಳ ಜಾಗಕ್ಕಲ್ಲ ಬಿಡ್ರಿ" ಅಂದರು ಕಾಕಾ. "ಗಣಪತ ಗಲ್ಲಿಯಲ್ಲಿ ಮಾಲು ಇಳಿಸುವಾಗ ದಿನಾ ನೋಡುತ್ತೇನೆ. ಮೊದಲು 'ನೋಡಿಕೊಂಡು ಹೋಗ್ರಿ'. ಆಮೇಲೆ 'ಯಾರಿಗೆ ಅಂದಿ?' ಮೂರನೇ ಮಾತಿಗೆ 'ನಾನು ಯಾರು ಗೊತ್ತಾ?' ಅಷ್ಟೊತ್ತಿಗೆ ಗಾಡಿ ವಿಷಯ ಇಬ್ಬರಿಗೂ ಮರೆತಿರುತ್ತದೆ."

"ಗೊತ್ತು ಅಂದರೂ ಕಷ್ಟ, ಗೊತ್ತಿಲ್ಲ ಅಂದರೂ ಕಷ್ಟ" ಅಂದರು ವಕೀಲರು.

ಇದರಲ್ಲಿ ನೋಡುವವರ ಪಾಲೂ ಇದೆ. ಇಬ್ಬರೇ ಇದ್ದರೆ ಗೊಣಗಿ ಹೋಗಿಬಿಡುತ್ತಾರೆ. ಸುತ್ತ ಹತ್ತು ಜನ ನಿಂತು, ಅದರಲ್ಲಿ ಇಬ್ಬರು ಮೊಬೈಲ್ ಎತ್ತಿದರೆ ಮುಗೀತು. ಹಿಂದೆ ಸರಿದವನು ಸೋತ ಹಾಗೆ. ಆಗ ಅಡ್ಡ ಬರುವ ಹಿರಿಯರೂ "ಹೋಗಲಿ ಬಿಡೋ" ಅನ್ನುವುದು ಜೋರಾಗಿ ಕಾಣುವವನಿಗಲ್ಲ, ಪಾಪದವನಿಗೆ.

ಇನ್ನು ಟಿಳಕವಾಡಿ ರೈಲ್ವೆ ಗೇಟು. ಗೇಟು ಬಿದ್ದಿತೋ, ಸಾಲಿನಲ್ಲಿ ನಿಲ್ಲಬೇಕಾದವರು ಎದುರಿನವರ ಜಾಗಕ್ಕೂ ನುಗ್ಗಿ ನಿಲ್ಲುತ್ತಾರೆ. ಹಳಿಯ ಆಚೆ ಕಡೆಯವರೂ ಅಷ್ಟೇ ಬುದ್ಧಿವಂತರು. ರೈಲು ಹೋಗಿ ಗೇಟು ಎದ್ದಾಗ ಕುರುಕ್ಷೇತ್ರದ ಹಾಗೆ ಎರಡು ಸೈನ್ಯ ಎದುರಾಬದುರು. ಮುಂದೆ ಹೋಗಲು ಯಾರಿಗೂ ಜಾಗವಿಲ್ಲ, ಹಾರ್ನ್ ಮಾತ್ರ ಎಲ್ಲರಿಗೂ ಇದೆ. ಸುಮ್ನೆ ಹಾರ್ನ್ ಒತ್ತುತ್ತಾ ಇರುವುದಕ್ಕೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ದಂಡ ಬಂದಿದೆ ಅಂತ ವಕೀಲರು ಹೇಳಿದರು. ಅಲ್ಲಿ ಆ ಸದ್ದಿನಲ್ಲಿ ಇದನ್ನು ಯಾರಿಗೆ ಕೇಳಿಸಬೇಕೋ.

"ಯಾರಾದರೂ ಸಿಟ್ಟಿನಿಂದ ಇಳಿದು ನಿಮ್ಮ ಕಡೆ ಬಂದರೆ ಏನು ಮಾಡುತ್ತೀರಿ ಕಾಕಾ?" ಅಂತ ನಾನು ಕೇಳಿದೆ.

"ನಾನು ಇಳಿಯೋದೇ ಇಲ್ಲ. ಗ್ಲಾಸ್ ಏರಿಸಿ, ಬಾಗಿಲು ಲಾಕ್ ಮಾಡಿ, ದಿಟ್ಟಿಸಿ ನೋಡದೆ ಕೈ ಎತ್ತುತ್ತೇನೆ, ತಪ್ಪಾಯ್ತು ಅಣ್ಣಾ ಅಂತ."

"ತಪ್ಪು ಅವನದೇ ಇದ್ದರೆ?"

"ಹಂಗಿದ್ದರೆ ಇನ್ನೂ ಜಲ್ದಿ ಎತ್ತುತ್ತೇನೆ."

ಇನ್ನೊಂದು ಉಪಾಯವನ್ನೂ ಹೇಳಿದರು. ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಯ ಹಿಂದಿನ ಗಾಲಿ ನೆಲ ಮುಟ್ಟಿದ್ದು ಕಾಣುವಷ್ಟು ಜಾಗ ಬಿಟ್ಟು ನಿಲ್ಲಬೇಕು. ಆಗ ರಿವರ್ಸ್ ತೆಗೆಯದೆ ಸ್ಟೇರಿಂಗ್ ತಿರುಗಿಸಿ ಪಾರಾಗಬಹುದು. ಆದರೆ ನಮ್ಮೂರಲ್ಲಿ ಅಷ್ಟು ಜಾಗ ಬಿಟ್ಟರೆ ಅದರಲ್ಲಿ ಮೂರು ಸ್ಕೂಟರ್, ಒಂದು ಬಾಳೆಹಣ್ಣಿನ ಗಾಡಿ ಬಂದು ನಿಲ್ಲುತ್ತವೆ. "ನಿಂತರೆ ನಿಲ್ಲಲಿ, ಮತ್ತೆ ಬಿಡಬೇಕು" ಅಂದರು ಕಾಕಾ.

"ಯಾರಾದರೂ ಬೆನ್ನು ಹತ್ತಿದರೆ ಮನೆ ಕಡೆ ಮಾತ್ರ ಹೋಗಬೇಡಿ" ಅಂದರು ವಕೀಲರು. "ಮನೆ ವಿಳಾಸ ನೀವೇ ಕೊಟ್ಟ ಹಾಗೆ. ಪೊಲೀಸ್ ಸ್ಟೇಷನ್ನಿಗೆ ಹೊರಳಿಸಿ, ಇಲ್ಲ ಜನ ಇರುವ ಪೆಟ್ರೋಲ್ ಬಂಕಿಗೆ. 112ಕ್ಕೆ ಫೋನ್ ಹಚ್ಚಿ. ಓವರ್‌ಟೇಕ್ ಮಾಡಿ ಅಡ್ಡ ಹಾಕುವವನ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಹಾಕಬಹುದು. ಮೊದಲ ಸಲವೇ ಜೈಲೂ ಆಗಬಹುದು."

ನಿಲ್ಲಿಸುವ ತಂಟೆಗೆ ಕಾಕಾ ಕಂಡುಕೊಂಡ ಮದ್ದು ಬೇರೆ. ಟೆಂಪೋದ ಗ್ಲಾಸಿನೊಳಗೆ ಒಂದು ಚೀಟಿ: "ಅಡ್ಡ ಆದರೆ ಫೋನ್ ಮಾಡಿ, ಎರಡು ನಿಮಿಷಕ್ಕೆ ಬರುತ್ತೇನೆ." ಕೆಳಗೆ ನಂಬರ್, ಹೆಸರಿಲ್ಲ. ಫೋನು ಬರುತ್ತದಂತೆ, ಆದರೆ ಅರ್ಧಕ್ಕರ್ಧ ಜನ ಕೇಳುವುದು ಮನೆ ಸಾಮಾನು ಸಾಗಿಸಲು ಬಾಡಿಗೆ ಎಷ್ಟು ಅಂತ.

"ಇದೆಲ್ಲಾ ಯಾಕೆ? ಕೆಲವು ಊರಲ್ಲಿ ಮಾಡಿದ ಹಾಗೆ ಸಮ ತಾರೀಖಿಗೆ ಒಂದು ಕಡೆ, ಬೆಸ ತಾರೀಖಿಗೆ ಇನ್ನೊಂದು ಕಡೆ ಪಾರ್ಕಿಂಗ್ ಮಾಡಿದರೆ ಸರಿ" ಅಂದೆ ನಾನು.

ಗಣಿತದ ಮಾಸ್ತರಿಗೆ ಜೀವ ಬಂತು. "31 ಬೆಸ. ಮರುದಿನ 1, ಅದೂ ಬೆಸ! ಸತತ ಎರಡು ದಿನ ಒಂದೇ ಕಡೆ. ಆ ಕಡೆಯ ಅಂಗಡಿಯವನು ಸುಮ್ಮನಿರುತ್ತಾನಾ?" ಬೆರಳು ಮಡಚಿ ಎಣಿಸಿದರು. "31 ಇರುವ ತಿಂಗಳು ಏಳು. ವರ್ಷಕ್ಕೆ ಏಳು ಜಗಳ. ಫೆಬ್ರವರಿ 29 ಬಂದ ವರ್ಷ ಎಂಟು. 2028ರಲ್ಲಿ ನೋಡ್ತಾ ಇರಿ."

"ಮಾರ್ಚ್ ಒಂದಕ್ಕೆ ನನಗೆ ಬಾಡಿಗೆ ಬೇಡವೇ ಬೇಡ" ಅಂದರು ಕಾಕಾ, ಈಗಲೇ ರಜೆ ಹಾಕಿದವರ ಹಾಗೆ ಕಾಲು ಚಾಚಿ.