ರಿಪೇರಿಗೆ ಹೊರದೇಶಕ್ಕೆ ಹೋದ ಜಾಕೆಟ್‌ಗೆ ಮತ್ತೆ ಸುಂಕವಾ?

ಪ್ರಶ್ನೆ: ನನ್ನ ಮೇಣ ಹಚ್ಚಿದ ಹತ್ತಿ ಜಾಕೆಟ್ ಮೊಣಕೈ ಹತ್ತಿರ ಹರಿದಿದೆ, ಜಿಪ್ಪೂ ಕೈಕೊಟ್ಟಿದೆ. ತಯಾರಿಸಿದವರೇ ಸರಿ ಮಾಡಿಕೊಡುತ್ತಾರೆ, ಆದರೆ ಬೇರೆ ದೇಶದಲ್ಲಿದ್ದಾರೆ. ವಾಪಸ್ ಬರುವಾಗ ನನ್ನದೇ ಬಟ್ಟೆಗೆ ನಾನೇ ಸುಂಕ ಕಟ್ಟಬೇಕಾ?

ಉತ್ತರ: ಕಾಗದಪತ್ರ ಇಲ್ಲದಿದ್ದರೆ ಕಟ್ಟಬೇಕಾಗಬಹುದು. ಕಳಿಸುವ ಮೊದಲೇ ಕಸ್ಟಮ್ಸ್‌ನಲ್ಲಿ ‘ರಿಪೇರಿಗೆ, ವಾಪಸ್ ಬರುತ್ತದೆ’ ಅಂತ ದಾಖಲಿಸಿ. ಒಳಗಿನ ಲೇಬಲ್, ಹರಿದ ಜಾಗ ಎರಡರದ್ದೂ ಫೋಟೊ ಇರಲಿ. ಬಂದದ್ದು ಅದೇ ಜಾಕೆಟ್ ಅಂತ ತೋರಿಸಬೇಕಲ್ವಾ? ಎಷ್ಟೋ ದೇಶಗಳಲ್ಲಿ ಆಗ ರಿಪೇರಿ, ಸಾಗಣೆ ಖರ್ಚಿನ ಮೇಲಷ್ಟೇ ಸುಂಕ.

ಇನ್ನೊಬ್ಬರು: ಅಂಚೆಯಲ್ಲಾದರೆ ಸಿಎನ್ 23 ಅನ್ನೋ ಕಸ್ಟಮ್ಸ್ ಘೋಷಣೆ ಫಾರಂನಲ್ಲಿ ಸುಮ್ನೆ ‘ಬಟ್ಟೆ’ ಅಂತ ಬರೆಯಬೇಡಿ. ‘ಬಳಸಿದ ಹತ್ತಿ ಜಾಕೆಟ್, ರಿಪೇರಿಗೆ’ ಅನ್ನಿ. ಗಿಫ್ಟ್ ಅಂತ ಟಿಕ್ ಮಾಡುವ ಸಲಹೆ ಕೇಳಲೇಬೇಡಿ, ಅದು ಸುಳ್ಳು ಘೋಷಣೆ.

ಪ್ರಶ್ನೆ ಕೇಳಿದವರು: ರಿಪೇರಿ ಮಾಡುವವರ ಬಿಲ್ ಹೇಗಿರಬೇಕು?

ಉತ್ತರ: ರಿಪೇರಿ ಖರ್ಚು, ಜಾಕೆಟ್ ಬೆಲೆ ಬೇರೆ ಬೇರೆ ಕಾಣಿಸಲಿ. ಮೊದಲೇ ಹೇಳಿಬಿಡಿ.