ಎಪಿಟಿಟಿ ಫಾರ್ವರ್ಡ್ ಮತ್ತು ನಮ್ಮ ಮನೆಯ ಗ್ರೂಪು

ಗಿರಿಜತ್ತೆ: (ಫಾರ್ವರ್ಡ್) ಎಪಿಟಿಟಿ (ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ) ಟೆಸ್ಟಿನಲ್ಲಿ ಸಮಯ ಜಾಸ್ತಿ ಬಂದರೆ ಎಚ್ಚರ! ಸಣ್ಣ ಗಾಯವಾದರೂ ರಕ್ತ ನಿಲ್ಲುವುದಿಲ್ಲ. ಆಪರೇಷನ್ ಬೇಡವೇ ಬೇಡ. ಎಲ್ಲರಿಗೂ ಕಳಿಸಿ.

ಗಿರಿಜತ್ತೆ: ಸಂಜೂಗೂ ಅದೇ ಜಾಸ್ತಿ ಬಂದಿದೆ ಅಲ್ವಾ? ಹರ್ನಿಯಾ ಆಪರೇಷನ್ ಬೇಡ ಅಂತ ಮೊದಲೇ ಹೇಳಿದ್ದೆ.

ರಘು: ಯಾರು ಬರೆದದ್ದು ಅತ್ತೆ? ಮೂಲ ಎಲ್ಲಿದೆ?

ದೊಡ್ಡಪ್ಪ: ರಘು, ಹಿರಿಯರು ಕಾಳಜಿಯಿಂದ ಕಳಿಸಿದ್ದನ್ನು ಹೀಗೆ ಪ್ರಶ್ನೆ ಮಾಡಬಾರದು. ಮಾತಿನಲ್ಲಿ ಮರ್ಯಾದೆ ಇರಲಿ.

ರಘು: ಹೋದ ಸಲ ಹೀಗೆ ಕೇಳಿದ್ದಕ್ಕೇ ನನ್ನನ್ನು ಗ್ರೂಪಿನಿಂದ ತೆಗೆದಿರಿ. ಆ ಫಾರ್ವರ್ಡ್ ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಯಾರೂ ಏನೂ ಹೇಳಲಿಲ್ಲ.

ಶ್ರೀಧರ: ಸಂಜು ಸೈಕಲ್ಲಿನಿಂದ ಬಿದ್ದು ಮಂಡಿ ಕಿತ್ತುಕೊಂಡಿದ್ದು ನೆನಪಿದೆಯಾ? ಅವತ್ತೇ ಸಂಜೆ ಮತ್ತೆ ಆಡಲು ಬಂದಿದ್ದ. ಎಂಥಾ ದಿನಗಳು!

ರಘು: ಅದು ನನ್ನ ಸೈಕಲ್. ಕೇಳದೆ ತೆಗೆದುಕೊಂಡು ಹೋಗಿದ್ದು ನೀನೇ.

ವಿದ್ಯಾ: ದಯವಿಟ್ಟು ಎರಡು ನಿಮಿಷ ಓದಿ. ಸಂಜು ಅಣ್ಣನ ರಿಪೋರ್ಟ್ ಬಂದಿದೆ, ಹೇಳು ಅಂತ ಅವನೇ ಹೇಳಿದ. ಅವನ ಪ್ಲಾಸ್ಮಾಕ್ಕೆ (ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವ) ಅಷ್ಟೇ ನಾರ್ಮಲ್ ಪ್ಲಾಸ್ಮಾ ಬೆರೆಸಿದಾಗ ಸಮಯ ಸರಿಹೋಯಿತು. ಅಂದರೆ ರಕ್ತ ಹೆಪ್ಪುಗಟ್ಟಿಸುವ ಯಾವುದೋ ಪ್ರೋಟೀನ್ ಕಡಿಮೆ ಇದೆ. ಈ ಪ್ರೋಟೀನುಗಳಿಗೆ ಫ್ಯಾಕ್ಟರ್ ಅಂತಾರೆ, ಒಂದೊಂದಕ್ಕೂ ಒಂದು ನಂಬರ್. ಯಾವುದು ಅಂತ ಹುಡುಕಲು ಒಂದೊಂದು ಫ್ಯಾಕ್ಟರ್ ಇಲ್ಲದ ಪ್ಲಾಸ್ಮಾಕ್ಕೆ ಅವನದನ್ನು ಸೇರಿಸಿ ನೋಡಿದರು. 8, 9, 11 ಇಲ್ಲದವು ಸರಿಯಾಗಿ ಹೆಪ್ಪುಗಟ್ಟಿದವು, ಅಂದರೆ ಅವು ಅಣ್ಣನಲ್ಲಿವೆ. 12 ಇಲ್ಲದ್ದು ಮಾತ್ರ ತಡವಾಯಿತು. ಅಣ್ಣನಲ್ಲಿ ಕಡಿಮೆ ಇರುವುದು ಫ್ಯಾಕ್ಟರ್ 12.

ಗಿರಿಜತ್ತೆ: ನೋಡಿದ್ರಾ! ಕಡಿಮೆ ಇದೆ ಅಂತ ಅವಳೇ ಹೇಳಿದಳು.

ವಿದ್ಯಾ: ಅತ್ತೆ, 8 ಅಥವಾ 9 ತುಂಬಾ ಕಡಿಮೆಯಾದರೆ ಹಿಮೋಫಿಲಿಯಾ, ಅದರಲ್ಲಿ ರಕ್ತಸ್ರಾವದ ಭಯ ನಿಜ. 12 ಹಾಗಲ್ಲ. ಟ್ಯೂಬಿನಲ್ಲಿ ಹೆಪ್ಪುಗಟ್ಟುವಿಕೆ ಶುರು ಮಾಡುವುದು ಅದು. ಮೈಯಲ್ಲಿ ಗಾಯವಾದರೆ ಕೆಲಸ ಬೇರೆ ದಾರಿಯಿಂದ ಶುರುವಾಗುತ್ತದೆ, ಟಿಶ್ಯೂ ಫ್ಯಾಕ್ಟರ್ (ರಕ್ತನಾಳದ ಹೊರಗಿನ ಅಂಗಾಂಶದಲ್ಲಿರುವ ಪ್ರೋಟೀನ್) ಮತ್ತು ಫ್ಯಾಕ್ಟರ್ 7 ಸೇರಿ. ಅದಕ್ಕೇ 12 ಕಡಿಮೆ ಇದ್ದರೂ ರಕ್ತ ನಿಲ್ಲುತ್ತದೆ.

ರಘು: ಮೂಲ?

ವಿದ್ಯಾ: ಜಾನ್ ಹೇಗ್‌ಮನ್ ಅಂತ ಅಮೆರಿಕದ ರೈಲ್ವೆ ನೌಕರ. ಆಪರೇಷನ್‌ಗೆ ಮೊದಲು ಮಾಡಿದ ಟೆಸ್ಟಿನಲ್ಲಿ ರಕ್ತ ಗಾಜಿನ ಟ್ಯೂಬಿನಲ್ಲಿ ಬೇಗ ಹೆಪ್ಪುಗಟ್ಟಲಿಲ್ಲ. ಅವನಲ್ಲಿ ಇಲ್ಲದಿದ್ದದ್ದೂ ಇದೇ 12. ಆದರೂ ಅವನಿಗೆ ರಕ್ತಸ್ರಾವದ ತೊಂದರೆ ಯಾವತ್ತೂ ಇರಲಿಲ್ಲ. 1955ರಲ್ಲಿ ಆಸ್ಕರ್ ರಟ್ನಾಫ್ ಮತ್ತು ಜೋನ್ ಕೊಲೋಪಿ ಎಂಬ ಸಂಶೋಧಕರು ಅದನ್ನು ಬರೆದರು. 1968ರಲ್ಲಿ ಅವನು ತೀರಿಕೊಂಡಿದ್ದು ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡು.

ದೊಡ್ಡಪ್ಪ: ಎಲ್ಲಾ ಸರಿ ಮಗು. ಆದರೂ ರಘು ಅತ್ತೆಗೆ ಹಾಗೆ ಕೇಳಿದ್ದು ತಪ್ಪು.

ಶ್ರೀಧರ: ರಘು, ಆ ಸೈಕಲ್ಲಿಗೆ ಬ್ರೇಕೇ ಇರಲಿಲ್ಲ ಕಣೋ.

ವಿದ್ಯಾ: ಶ್ರೀಧರಣ್ಣ, ಮಂಡಿಯ ವಿಷಯ ಡಾಕ್ಟರಿಗೆ ಖಂಡಿತ ಹೇಳುತ್ತೇವೆ. ಗಾಯವಾದಾಗ, ಹಲ್ಲು ಕೀಳಿಸಿದಾಗ ರಕ್ತ ಬೇಗ ನಿಂತಿತ್ತಾ ಅಂತ ಅವರು ಕೇಳಿಯೇ ಕೇಳುತ್ತಾರೆ.

ಗಿರಿಜತ್ತೆ: ಹಾಗಾದರೆ ಡಾಕ್ಟರ ಹತ್ತಿರ ನಾನೂ ಬರುತ್ತೇನೆ. 12 ಅಂತ ಒಂದು ಚೀಟಿಯಲ್ಲಿ ಬರೆದುಕೊಡು ವಿದ್ಯಾ.